ದುಬೈಗೆ ಒಯ್ಯಬಾರದ ವಸ್ತುಗಳು

ಮಲಾಡ್ ಪಶ್ಚಿಮ, ಮುಂಬೈ
9 ಜನವರಿ 2025

ಪ್ರೀತಿಯ ಅಣ್ಣಾ,

ನಿನ್ನ ಕಿವಿ ಹೀಗಾದ ಮೇಲೆ ಫೋನಿನಲ್ಲಿ ಮಾತಾಡಿ ಪ್ರಯೋಜನವಿಲ್ಲ. ಮೊನ್ನೆ ನಾನು ವೀಸಾ ಎಂದರೆ ನೀನು ಬಿಸು ಎಂದು ಕೇಳಿಸಿಕೊಂಡು, ಬಿಸು ಹಬ್ಬಕ್ಕೆ ಇನ್ನೂ ಮೂರು ತಿಂಗಳಿದೆ ಎಂದೆ. ಅದಕ್ಕೇ ಈ ಕಾಗದ. ಬರೆದು, ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ. ನೀನೂ ಹಾಗೇ ಮಾಡು. ನಿನ್ನ ಅಕ್ಷರ ಸಣ್ಣದು, ನಾನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಓದುತ್ತೇನೆ. ಮಾತಾಡುವಾಗ ತುಳು, ಬರೆಯಲು ಕೂತರೆ ಕನ್ನಡ. ಇದೂ ಒಳ್ಳೆಯದೇ ಆಯಿತು. ಯಕ್ಷಿತಾಗೆ ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ಅವಳ ಎದುರೇ ಕೂತು ಏನು ಬೇಕಾದರೂ ಬರೆಯಬಹುದು.

ವಿಷಯ ಇಷ್ಟೇ. ಮದುವೆಯಾಗಿ ಎರಡು ತಿಂಗಳಾಗುತ್ತ ಬಂತು. ಯಕ್ಷಿತಾ ಮತ್ತು ಅಳಿಯ ಸಚಿನ ಫೆಬ್ರವರಿ 9ಕ್ಕೆ ದುಬೈಗೆ ಹೊರಟಿದ್ದಾರೆ, ಐದು ರಾತ್ರಿಗಳ ಪ್ರವಾಸ. ಇಪ್ಪತ್ತಾರು ವರ್ಷದಿಂದ ಅಲ್ಲಿರುವವನು ನೀನು. ಏನು ಒಯ್ಯಬೇಕು, ಏನು ಒಯ್ಯಬಾರದು, ಹೇಗೆ ನಡೆದುಕೊಳ್ಳಬೇಕು, ಎಲ್ಲ ಬರೆ.

ಸಚಿನನನ್ನು ನೀನು ನೋಡಿಲ್ಲ. ಯಾದಗಿರಿ ಕಡೆಯವರು, ಘಟ್ಟದ ಮೇಲಿನ ಜನ. ತಂದೆ ಗುರಲಿಂಗಪ್ಪ ಗವಂಡಿ, ಅಂದರೆ ಗಾರೆ ಕೆಲಸ ಮಾಡುತ್ತಿದ್ದವರು, ಈಗಿಲ್ಲ. ತಾಯಿ ರಾಚವ್ವ ಜೋಗೇಶ್ವರಿಯ ಚಾಳಿನಲ್ಲಿದ್ದಾಳೆ. ಅಲ್ಲಿಯ ಖೋಲಿ ಚಿಕ್ಕದೆಂದು ಮಕ್ಕಳಿಬ್ಬರೂ ಸದ್ಯ ನನ್ನಲ್ಲೇ ಇದ್ದಾರೆ. ಹುಡುಗ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತು, ಆಮೇಲೆ ಇಂಗ್ಲಿಷಿಗೆ ಹೋದವನು. ಈಗ ಮಸಾಲೆ ಪ್ಯಾಕಿಂಗ್ ಮಾಡುವ ಒಂದು ಕಾರ್ಖಾನೆಯಲ್ಲಿ ಲೇಬಲ್ ಮುದ್ರಿಸುವ ಕೆಲಸ. ಒಳ್ಳೆಯವನಂತೆ ಕಾಣುತ್ತಾನೆ. ಕಾಣುತ್ತಾನೆ ಎಂದು ಬರೆದದ್ದು ಬೇಕೆಂದೇ. ಸೊಸೈಟಿ ಆಫೀಸಿನಲ್ಲಿ ಹದಿನೆಂಟು ವರ್ಷ ಗೇಟಿನ ರಿಜಿಸ್ಟರ್ ನೋಡಿದವಳು ನಾನು. ನಗುತ್ತಾ ಬಂದವರೇ ಸುಳ್ಳು ಫ್ಲ್ಯಾಟ್ ನಂಬರ್ ಬರೆಯುವುದು.

ನನಗಿರುವುದು ಒಬ್ಬಳೇ ಮಗಳು. ಹೋದ ಹಾಗೆ ವಾಪಸ್ಸು ಬರಬೇಕು.

ನಿನ್ನ ತಂಗಿ
ವಾರಿಜಾ


ದೇರಾ, ದುಬೈ
13 ಜನವರಿ 2025

ಪ್ರೀತಿಯ ವಾರಿಜಾ,

ನಿನ್ನ ಕಾಗದ ಎರಡು ಸಲ ಓದಿದೆ. ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ.

ಪಾಸ್‌ಪೋರ್ಟಿನ ಅವಧಿ ಬಂದಿಳಿಯುವ ದಿನದಿಂದ ಆರು ತಿಂಗಳಾದರೂ ಉಳಿದಿರಬೇಕು, ಇಬ್ಬರದ್ದೂ ಇವತ್ತೇ ನೋಡು. ವೀಸಾ ಮತ್ತು ಹೋಟೆಲ್ ಬುಕಿಂಗ್ ಕಾಗದದಲ್ಲಿ ಮುದ್ರಿಸಿ ಕೈಚೀಲದಲ್ಲಿ ಇಟ್ಟುಕೊಳ್ಳಲಿ, ಫೋನಿನ ಚಾರ್ಜನ್ನು ನಂಬಬಾರದು. ಫೆಬ್ರವರಿಯಲ್ಲಿ ಹವೆ ಹಿತವಾಗಿರುತ್ತದೆ, ಸಂಜೆಗೆ ತೆಳು ಸ್ವೆಟರ್ ಸಾಕು. ಆದರೆ ಮಾಲಿನೊಳಗಿನ ಎ.ಸಿ.ಗೆ ನಮ್ಮವರು ನಡುಗುತ್ತಾರೆ. ಗೋಡೆಯ ಪ್ಲಗ್ಗಿಗೆ ಚೌಕ ಮೊಳೆಯ ಮೂರು ಪಿನ್ ಬೇಕು, ಅಡಾಪ್ಟರ್ ಅಲ್ಲಿಂದಲೇ ತರಲಿ. ಮಾತ್ರೆ ಏನಿದ್ದರೂ ಡಾಕ್ಟರ ಚೀಟಿಯೊಂದಿಗೆ ತರಬೇಕು. ಕೆಲವು ನೋವಿನ ಮಾತ್ರೆಗೂ ಕೆಮ್ಮಿನ ಔಷಧಕ್ಕೂ ಇಲ್ಲಿ ಮೊದಲೇ ಅನುಮತಿ ಬೇಕು. ಅಲ್ಲಿ ಅಂಗಡಿಯಲ್ಲಿ ಸಿಗುತ್ತದೆ ಎನ್ನುವುದು ಇಲ್ಲಿ ಉತ್ತರವಲ್ಲ.

ಮೆಟ್ರೊದಲ್ಲಿ ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ, ಚೂಯಿಂಗ್ ಗಮ್ ಕೂಡ ಇಲ್ಲ. ಹೆಂಗಸರ ಡಬ್ಬಿಗೆ ನೆಲದ ಮೇಲೆ ಗುಲಾಬಿ ಗೆರೆ ಎಳೆದಿರುತ್ತಾರೆ. ಗಂಡಸರು ಅದನ್ನು ದಾಟಿದರೆ ದಂಡ. ನಮ್ಮ ಲೋಕಲ್‌ನಂತೆ ಅಲ್ಲ, ಇಲ್ಲಿ ನಿಜವಾಗಿ ಹಾಕುತ್ತಾರೆ. ಗುರುತಿಲ್ಲದವರ ಫೋಟೊ ತೆಗೆಯಬಾರದು. ಹೊಸ ಜೋಡಿ ಬೀದಿಯಲ್ಲಿ ಕೈ ಹಿಡಿದುಕೊಂಡರೆ ಸರಿ, ಅದಕ್ಕಿಂತ ಹೆಚ್ಚಿನದು ಕೋಣೆಯಲ್ಲಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಬೇರೆಯವರು ಕೊಟ್ಟ ಕಟ್ಟನ್ನು ಒಯ್ಯಬಾರದು. ಉಪ್ಪಿನಕಾಯಿಯಾದರೂ ಸರಿ, ದೇವರ ಪ್ರಸಾದವಾದರೂ ಸರಿ. ಚೀಲ ಯಾರ ಕೈಯಲ್ಲಿದೆಯೋ ತಪ್ಪು ಅವರದ್ದು. ಹೋಟೆಲಿನ ಲಾಂಡ್ರಿಯಲ್ಲಿದ್ದು ನನ್ನ ಕಿವಿ ಹೋಯಿತು, ಆದರೆ ಒಂದು ಕಲಿತೆ. ಜನರ ಜೇಬಿನಲ್ಲಿ ಇರುವುದು ಅವರ ಮುಖದಲ್ಲಿ ಕಾಣುವುದಿಲ್ಲ.

ನನಗೆ ಏನೂ ಕಳಿಸಬೇಡ. ಮಕ್ಕಳನ್ನು ನೋಡಿದರೆ ಸಾಕು. ನಿನ್ನ ಕೈಯ ಗಸಗಸೆ ಪಾಯಸ ಕುಡಿದು ಹನ್ನೊಂದು ವರ್ಷವಾಯಿತು. ಅದು ಇಲ್ಲಿಯ ಮೆಸ್ಸಿನವರಿಗೆ ಗೊತ್ತೇ ಇಲ್ಲ. ಇರಲಿ, ಊರಿಗೆ ಬಂದಾಗ ಆಯಿತು.

ಸುಕೇಶ್


ಮಲಾಡ್
19 ಜನವರಿ 2025

ಅಣ್ಣಾ,

ನೀನು ಬರೆದದ್ದು ಐದೇ ದಿನಕ್ಕೆ ಎದುರು ಬಂದು ನಿಂತಿತು.

ನಿನ್ನೆ ರಾಚವ್ವ ಬಂದಿದ್ದಳು. ಮಕ್ಕಳು ಮನೆಯಲ್ಲಿರಲಿಲ್ಲ. ಇಬ್ಬರೂ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಕೊಂಡೇ ಬಂದಳೋ ಏನೋ. ಸೆರಗಿನೊಳಗಿಂದ ಒಂದು ಕಟ್ಟು ತೆಗೆದಳು. ಕೋರಾ ಬಟ್ಟೆ, ನಾಲ್ಕೂ ಕಡೆ ಸೂಜಿಯಿಂದ ಹೊಲಿದದ್ದು, ಒಂದು ಕಿಲೋದಷ್ಟು ತೂಕ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ:

"ಬೀಗತೇರ, ಇದು ನಮ್ಮ ತಮ್ಮನ ಮಗ ಯಲ್ಲಾಲಿಂಗಗ ಮುಟ್ಟಸಬೇಕ್ರಿ. ದುಬೈದಾಗ ಗವಂಡಿ ಕೆಲಸ ಮಾಡ್ತಾನ. ಬಿಚ್ಚಬ್ಯಾಡ್ರಿ ಮತ್ತ, ಗಾಳಿ ಹತ್ತಿದ್ರ ಕೆಡ್ತದ."

ಒಳಗೇನು ಎಂದು ಕೇಳಿದೆ. "ಹಿಂಡಿ ಅದ್ರಿ" ಎಂದಳು.

ಹಿಂಡಿ! ಅಜ್ಜನ ಮನೆಯಲ್ಲಿ ಎಮ್ಮೆಗೆ ಕಲಸಿ ಇಡುತ್ತಿದ್ದುದನ್ನು ನೀನೂ ನೋಡಿದ್ದೀ. ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವುದು ಹಿಂಡಿ. ದುಬೈಯಲ್ಲಿ ಅವನು ಎಮ್ಮೆ ಸಾಕಿದ್ದಾನೆಯೇ? ನಾನು ಹಾಗೆ ಕೇಳಿದ್ದಕ್ಕೆ ಅವಳು ನಕ್ಕು, "ನಿಮ್ಮ ಕಡೆ ಮಂದಿ ಭಾಳ ಚ್ಯಾಷ್ಟಿ ಮಾಡ್ತೀರಿ" ಎಂದು ಚಹಾ ಕುಡಿದು ಹೋದಳು. ಉತ್ತರ ಕೊಡಲಿಲ್ಲ ಎನ್ನುವುದನ್ನು ಗಮನಿಸು.

ಸಂಜೆ ಸಚಿನನನ್ನು ಕೇಳಿದೆ. "ಹೌದ್ರಿ ಅತ್ತಿ, ಅವ್ವ ಹೇಳ್ಯಾಳ, ನನ್ನ ಬ್ಯಾಗಿನಾಗ ಇಡ್ತೀನಿ" ಎಂದ. ಒಳಗೇನಿದೆ ಎಂದು ಅವನೂ ನೋಡಿಲ್ಲ. ಮಸಾಲೆ ಪುಡಿಗಳ ನಡುವೆಯೇ ಕೆಲಸ ಮಾಡುವವನು. ಪುಡಿಯೊಳಗೆ ಪುಡಿ ಬೆರೆಸುವುದು ಅಂಥವರಿಗೆ ಕಷ್ಟವೇ? ಗುರುತಿದ್ದವರು ಕೊಟ್ಟ ಕಟ್ಟು ಒಯ್ದು ಪರದೇಶದ ಜೈಲಿಗೆ ಬಿದ್ದವರ ಸುದ್ದಿ ಪೇಪರಿನಲ್ಲಿ ಓದಿದವಳು ನಾನು. ಅವರಿಗೂ ಕೊಟ್ಟವರು ನೆಂಟರೇ ಆಗಿದ್ದರು.

ಯಲ್ಲಾಲಿಂಗನ ರೂಮಿನ ನಂಬರೂ ಸೋನಾಪುರದ ಲೇಬರ್ ಕ್ಯಾಂಪಿನ ವಿಳಾಸವೂ ಹಿಂಬದಿಯಲ್ಲಿವೆ. ಅಂಥವನು ಇದ್ದಾನೆಯೇ ನೋಡು.

ವಾರಿಜಾ


ದೇರಾ
24 ಜನವರಿ 2025

ವಾರಿಜಾ,

ವಿಚಾರಿಸಿದೆ. ಆ ಕ್ಯಾಂಪಿನಲ್ಲಿ ಯಲ್ಲಾಲಿಂಗ ಎನ್ನುವವನು ಇಲ್ಲ.

ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಇಲ್ಲದವನಿಗೆ ಕಳಿಸುವ ಕಟ್ಟು ಯಾರ ಕೈ ಸೇರುತ್ತದೆ, ನೀನೇ ಯೋಚಿಸು. 'ಹಿಂಡಿ' ಎನ್ನುವುದು ಅವರವರೊಳಗಿನ ಗುಟ್ಟಿನ ಮಾತೂ ಇರಬಹುದು. ಎಮ್ಮೆಯ ಮೇವನ್ನು ಯಾರೂ ವಿಮಾನದಲ್ಲಿ ಒಯ್ಯುವುದಿಲ್ಲ.

ಇಲ್ಲಿಗೆ ತರಬಾರದ ವಸ್ತುಗಳ ಪಟ್ಟಿಯನ್ನು ಹೋಟೆಲಿನ ನೋಟಿಸಿನಿಂದ ಇಳಿಸಿ ಕೆಳಗೆ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಇದ್ದುದನ್ನು ಇದ್ದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನನ್ನ ಕಡೆಯಿಂದ ಒಂದು ಅಕ್ಷರವೂ ಸೇರಿಸಿಲ್ಲ. ನಾರ್ಕೋಟಿಕ್ಸ್. ಪಾಪಿ ಸೀಡ್ಸ್. ಬೀಟಲ್ ಲೀವ್ಸ್, ಪಾನ್, ಗುಟ್ಕಾ. ಗ್ಯಾಂಬ್ಲಿಂಗ್ ಟೂಲ್ಸ್. ಐವರಿ. ಫೇಕ್ ಕರೆನ್ಸಿ.

ಈ ಹಾಳೆಯನ್ನು ಸಚಿನನ ಕಣ್ಣಿಗೆ ಬೀಳಿಸಬೇಡ. ಅವನಿಗೆ ಕನ್ನಡ ಓದಲು ಬರುತ್ತದೆ ಎಂದು ನೀನೇ ಬರೆದಿದ್ದೀ.

ಸುಕೇಶ್


ಮಲಾಡ್
8 ಫೆಬ್ರವರಿ 2025

ಅಣ್ಣಾ,

ನಾಳೆ ಬೆಳಿಗ್ಗೆ ವಿಮಾನ. ಪ್ಯಾಕಿಂಗ್ ಎಲ್ಲ ನಾನೇ ಮಾಡಿದೆ, ಬೇರೆ ಯಾರಿಗೂ ಬಿಡಲಿಲ್ಲ.

ನಿನ್ನ ಹಾಳೆಯನ್ನು ಮಡಚಿ ಅಕ್ಕಿ ಡಬ್ಬಿಯ ಅಡಿಗೆ ಇಟ್ಟೆ. ಮೊನ್ನೆ ಸಚಿನ, "ಮಾಮಾ ಏನೋ ಲಿಸ್ಟ್ ಕಳಿಸ್ಯಾರಂತಲ್ರಿ, ಕೊಡ್ರಿ ನೋಡ್ತೀನಿ" ಎಂದು ತಾನಾಗಿ ಕೇಳಿದ. ಅವನಿಗೇಕೆ ಅಷ್ಟು ಆಸಕ್ತಿ? ಎಲ್ಲ ಬಾಯಲ್ಲೇ ಹೇಳಿದ್ದೇನೆ ಎಂದೆ. ಯಕ್ಷಿತಾಗೆ ಹೇಳಿದ್ದು ನಿಜ: ಗುಟ್ಕಾ ಬೇಡ, ವೀಳ್ಯದೆಲೆ ಬೇಡ, ಅಮಲಿನ ಬೀಜ ಬೇಡ. ನೀನು ಬರೆದ 'ಪಾಪಿ ಸೀಡ್ಸ್' ಅಂಥದ್ದೇ ಏನೋ ಇರಬೇಕು ಎಂದುಕೊಂಡೆ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಪಾಪಿಗಳು ಬೆಳೆಯುವ ಬೀಜ. ಅವಳು, "ಮಮ್ಮಿ, ಹಮ್ ಹನಿಮೂನ್ ಪೇ ಜಾ ರಹೇ ಹೈಂ, ಸ್ಮಗ್ಲಿಂಗ್ ಪೇ ನಹೀಂ" ಎಂದು ನಕ್ಕಳು.

ಇವತ್ತು ಇಬ್ಬರೂ ಹೊರಗೆ ಹೋದಾಗ ಕಟ್ಟನ್ನು ಬಿಚ್ಚಿದೆ. ಒಂದೊಂದೇ ಹೊಲಿಗೆ ಕತ್ತರಿಸಿದೆ. ಒಳಗೆ ಪ್ಲಾಸ್ಟಿಕ್, ಅದರೊಳಗೆ ಪುಡಿ. ಕಪ್ಪು ಪುಡಿ, ಅಣ್ಣಾ. ನಮ್ಮ ಅಡುಗೆಮನೆಯಲ್ಲಿ ಇಂಥದ್ದನ್ನು ನಾನು ಕಂಡಿಲ್ಲ. ಮುಟ್ಟಿದರೆ ಬೆರಳಿಗೆ ಎಣ್ಣೆ ಹತ್ತುತ್ತದೆ. ಮೂಗಿಗೆ ಹೊಡೆಯುವ ಬೆಳ್ಳುಳ್ಳಿ ವಾಸನೆ. ನಾಯಿಗಳಿಗೆ ಗೊತ್ತಾಗಬಾರದೆಂದು ಇಂಥ ಘಾಟು ಬೆರೆಸುತ್ತಾರೆ ಎಂದು ಎಲ್ಲೋ ಓದಿದ್ದೆ.

ಪೊಲೀಸರಿಗೆ ಹೇಳಲೇ ಎಂದು ಒಂದು ಗಳಿಗೆ ಯೋಚಿಸಿದೆ. ಮಗಳ ಮದುವೆ ಮೂರೇ ತಿಂಗಳಿಗೆ ಮುರಿಯುತ್ತದೆ. ಆದ್ದರಿಂದ ಅಂಥದೇ ದಾರ ತಂದು ಮೊದಲಿನಂತೆ ಹೊಲಿದು ನನ್ನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ಸಚಿನ ಅಲ್ಲಿ ಚೀಲ ತೆರೆದು ಹುಡುಕಲಿ. ಅವನ ಮುಖ ಹೇಗಾಗುತ್ತದೆ ಎಂದು ನೋಡಿ ನನಗೆ ಬರೆ.

ಅವನ ಚೀಲದಲ್ಲಿ ಅಷ್ಟು ಜಾಗ ಖಾಲಿ ಉಳಿಯಿತು. ಆ ಜಾಗಕ್ಕೆ ಏನಿಟ್ಟೆ ಎಂದು ಬರೆಯುವುದಿಲ್ಲ, ಅವನಿಗೂ ಹೇಳಿಲ್ಲ. ನೀನೇ ತೆರೆದು ನೋಡು. ಬೇಡ ಎಂದಿದ್ದೀ, ಆದರೂ ನನ್ನ ಕೈ ಕೇಳಲಿಲ್ಲ.

ವಾರಿಜಾ


ದೇರಾ
11 ಫೆಬ್ರವರಿ 2025

ವಾರಿಜಾ,

ಮಕ್ಕಳು ಕ್ಷೇಮವಾಗಿ ಹೋಟೆಲಿನಲ್ಲಿದ್ದಾರೆ. ಮೊದಲು ಇದನ್ನು ಓದಿಕೊಂಡು, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಿನದನ್ನು ಓದು.

ವಿಮಾನ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಇಳಿಯಿತು. ಅವರು ಹೊರಗೆ ಬಂದದ್ದು ಸಂಜೆ ಆರೂ ನಲವತ್ತಕ್ಕೆ. ಸಚಿನನ ಚೀಲ ಯಂತ್ರದಲ್ಲಿ ಹೋದಾಗ ಕಸ್ಟಮ್ಸಿನವರು ಬದಿಗೆ ತೆಗೆದರು. ಸ್ಟೀಲ್ ಡಬ್ಬಿ, ಅದರಲ್ಲಿ ಕಾಲು ಕಿಲೋ ಹುರಿದ ಗಸಗಸೆ, ಏಲಕ್ಕಿ. ಸುತ್ತ ಕನ್ನಡ ಪೇಪರು. ಒಳಗೆ ನಿನ್ನ ಕೈಬರಹದ ಚೀಟಿ: 'ಅಣ್ಣನಿಗೆ, ಪಾಯಸಕ್ಕೆ.'

ಪಾಪಿ ಸೀಡ್ಸ್ ಎಂದರೆ ಗಸಗಸೆ, ವಾರಿಜಾ. ನಿಮ್ಮ ಅಂಗಡಿಯಲ್ಲಿ ಖಸ್‌ಖಸ್ ಎನ್ನುತ್ತಾರಲ್ಲ, ಅದೇ. ಅಫೀಮಿನ ಗಿಡದ ಬೀಜ ಎಂದು ಇಲ್ಲಿ ನಿಷೇಧ. ನನಗೂ ಗೊತ್ತಿರಲಿಲ್ಲ. ಒಂದು ಕಾಗದದಲ್ಲಿ ಬೇಕೆಂದು ಆಸೆಪಟ್ಟೆ, ಇನ್ನೊಂದರಲ್ಲಿ ತರಬಾರದೆಂದು ಬರೆದೆ. ಎರಡೂ ಒಂದೇ ವಸ್ತು. ನನ್ನ ಕಡೆಯಿಂದ ಒಂದು ಅಕ್ಷರವೂ ಸೇರಿಸಿಲ್ಲ ಎಂದು ಹೆಮ್ಮೆಪಟ್ಟಿದ್ದೆ. ಆ ಒಂದು ಅಕ್ಷರವೇ ಬೇಕಾಗಿತ್ತು.

ಡಬ್ಬಿ ಯಾರದೆಂದು ಕೇಳಿದಾಗ ಸಚಿನ ತನ್ನದು ಎಂದ. ಮೊದಲು ಅವನು ತಾಯಿಯ ಕಟ್ಟನ್ನೇ ತೆಗೆದಿದ್ದಾರೆ ಎಂದುಕೊಂಡಿದ್ದನಂತೆ. ತೆರೆದಾಗ ಚೀಟಿ ಕಂಡಿತು. ಅವನು ಅದನ್ನು ಓದಿದ. ಆದರೂ ಮಾತು ಬದಲಿಸಲಿಲ್ಲ. ಹೆಂಡತಿಯ ಸೋದರಮಾವನಿಗೆಂದು ನಾನೇ ಇಟ್ಟುಕೊಂಡೆ, ಗೊತ್ತಿರಲಿಲ್ಲ ಎಂದು ಬರೆದುಕೊಟ್ಟ. ಮಧ್ಯಾಹ್ನದ ಮೇಲೆ ನನ್ನನ್ನು ಒಳಗೆ ಕರೆಸಿದರು. ನಿಮಗೇ ತಂದದ್ದೇ ಎಂದು ಕೇಳಿದರು. ಹೌದು, ಪಾಯಸದ ಮಾತು ಎತ್ತಿದವನು ನಾನೇ, ಪಟ್ಟಿಯನ್ನು ತಪ್ಪಾಗಿ ತಿಳಿಸಿದವನೂ ನಾನೇ ಎಂದೆ. ಅವರು ಒರಟಾಗಿ ನಡೆದುಕೊಳ್ಳಲಿಲ್ಲ. ಕೊನೆಗೆ ಡಬ್ಬಿ ಇಟ್ಟುಕೊಂಡು, ಸಹಿ ಹಾಕಿಸಿ ಬಿಟ್ಟರು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ.

ಇನ್ನೊಂದು ವಿಷಯ. ಹೊರಗೆ ಕಾಯುತ್ತಿದ್ದಾಗ ಕಂಪನಿಯ ನೀಲಿ ಅಂಗಿಯವನೊಬ್ಬ ಬಂದು, "ಕನ್ನಡದವ್ರೇನ್ರಿ?" ಎಂದ. ನನ್ನ ಕೈಯಲ್ಲಿ ನಿನ್ನ ಕಾಗದದ ಪ್ರಿಂಟ್ ಇತ್ತು. ಅವನೇ ಯಲ್ಲಾಲಿಂಗ. ರಜೆಯ ದಿನವೆಂದು ಎರಡು ಬಸ್ಸು ಬದಲಿಸಿ ಬಂದಿದ್ದ.

ನಾನು ಕ್ಯಾಂಪಿಗೆ ಹೋಗಿರಲಿಲ್ಲ. ವಿಚಾರಿಸಿದೆ ಎಂದು ಬರೆದದ್ದು ಒಂದು ಫೋನ್ ಕರೆ ಮಾತ್ರ. ಎತ್ತಿದವನು ಏನೋ ಹೇಳಿದ, ನನಗೆ ಕೇಳಿದ್ದು 'ನಹೀಂ' ಒಂದೇ. ಅಷ್ಟಕ್ಕೇ ಇಟ್ಟುಬಿಟ್ಟೆ. ಕಿವಿ ಅಷ್ಟು ಕೆಟ್ಟಿದೆ ಎಂದು ನಿನಗೆ ಬರೆಯಲು ಮನಸ್ಸಾಗಲಿಲ್ಲ. "ಅಭೀ ನಹೀಂ ಹೈ, ಡ್ಯೂಟಿ ಪೇ ಗಯಾ ಅಂದಿದ್ನಂತ್ರಿ ನಮ್ಮ ರೂಮಿನಾಂವ" ಎಂದು ಯಲ್ಲಾಲಿಂಗ ನನ್ನ ಕಿವಿಯ ಹತ್ತಿರ ಬಂದು ಹೇಳಿದ. ಈಗಿಲ್ಲ ಎಂದದ್ದನ್ನು ಇಲ್ಲವೇ ಇಲ್ಲ ಎಂದು ಕೇಳಿಸಿಕೊಂಡವನು ನಾನು. ಹಿಂಡಿ ಎಂದರೆ ಅವರಲ್ಲಿ ಚಟ್ನಿಪುಡಿ. ನಿನ್ನ ಕಪಾಟಿನಲ್ಲಿರುವುದು ಗುರೆಳ್ಳಿನ, ಅಂದರೆ ಹುಚ್ಚೆಳ್ಳಿನ ಹಿಂಡಿ, ರೊಟ್ಟಿಯ ಜೊತೆ ತಿನ್ನುವುದು. ಒಂಬತ್ತು ಗಂಟೆ ನನ್ನ ಪಕ್ಕ ಕೂತಿದ್ದು, ಮಕ್ಕಳು ಹೊರಬಂದ ಮೇಲೂ ಅವನು ಕಟ್ಟಿನ ಮಾತು ತೆಗೆಯಲಿಲ್ಲ. ಬಸ್ಸು ಹತ್ತುವಾಗ ಮಾತ್ರ, "ನಮ್ಮತ್ತಿ ಏನೂ ಕೊಟ್ಟಿರಲಿಲ್ಲೇನ್ರಿ?" ಎಂದ. ನಾನು ಕೇಳಿಸಲಿಲ್ಲ ಎನ್ನುವಂತೆ ನಿಂತೆ. ಕೇಳಿಸಿತ್ತು.

ಈಗ ಯಕ್ಷಿತಾಳ ವಿಷಯ. ಅವಳಿಗೆ ಚೀಟಿ ಓದಲು ಬರಲಿಲ್ಲ. ಅದು ರಾಚವ್ವನ ಕಟ್ಟು ಎಂದೇ ಅವಳು ತಿಳಿದಿದ್ದಾಳೆ. ಎರಡು ದಿನದಿಂದ ಗಂಡನ ಜೊತೆ ಮಾತಿಲ್ಲ. ಇವತ್ತು ಮೆಟ್ರೊದಲ್ಲಿ ಬೇಕೆಂದೇ ಹೆಂಗಸರ ಡಬ್ಬಿಗೆ ಹೋಗಿ ಕೂತಳು. ಸಚಿನ ಗುಲಾಬಿ ಗೆರೆಯ ಈಚೆ ನಿಂತಿದ್ದ. ದಾಟಬಾರದು ಎಂದು ಬರೆದವನು ನಾನೇ. ನಿಜ ಹೇಳು ಎಂದು ಅವನಿಗೆ ಹೇಳಿದೆ. "ಬ್ಯಾಡ್ರಿ ಮಾಮಾ. ಅತ್ತಿದು ಅಂತ ಗೊತ್ತಾದ್ರ ಆಕಿ ಅವರ ಜೋಡಿನೂ ಮಾತು ಬಿಡ್ತಾಳ. ನಮ್ಮವ್ವನ ಮ್ಯಾಲ ಹೋದ್ರ ಹೋಗ್ಲಿ, ಆಕಿಗೆ ರೂಢಿ ಅದ" ಎಂದ.

ನಿನಗೆ ಹೇಳಬೇಡ ಎಂದೂ ಮಾತು ತೆಗೆದುಕೊಂಡಿದ್ದಾನೆ. ನಾನು ಬಾಯಿಂದ ಹೇಳಿಲ್ಲ, ಬರೆದಿದ್ದೇನೆ.

ಸುಕೇಶ್


ಮಲಾಡ್
13 ಫೆಬ್ರವರಿ 2025

ಅಣ್ಣಾ,

ಬೇರೆಯವರು ಕೊಟ್ಟ ಕಟ್ಟನ್ನು ಒಯ್ಯಬಾರದು ಎಂದು ನೀನು ಬರೆದೆ. ಸಚಿನ ಒಯ್ದದ್ದು ನನ್ನ ಕಟ್ಟು, ಅದೂ ಅವನಿಗೆ ಗೊತ್ತಿಲ್ಲದಂತೆ. ರಾಚವ್ವನಾದರೂ ಕೈಗೆ ಕೊಟ್ಟು ಹೆಸರು ಹೇಳಿ ಹೋಗಿದ್ದಳು.

ನಿನ್ನೆ ಬೆಳಿಗ್ಗೆ ಯಕ್ಷಿತಾಗೆ ಫೋನ್ ಮಾಡಿದೆ. ಡಬ್ಬಿ ನನ್ನದು ಎಂದೆ. ಅವಳ ಅತ್ತೆಯ ಕಟ್ಟು ನನ್ನ ಕಪಾಟಿನಲ್ಲೇ ಇದೆ, ಬಿಚ್ಚಿ ನೋಡಿದ್ದೂ ನಾನೇ ಎಂದೆ. "ಮಮ್ಮಿ, ಸಚಿನ್‌ಕೋ ಪತಾ ಥಾ?" ಎಂದು ಕೇಳಿದಳು. ಹೌದು, ಗೊತ್ತಿತ್ತು, ಚೀಟಿ ಓದಿದ್ದ ಎಂದೆ. ಫೋನ್ ಇಟ್ಟಳು. ಇವತ್ತಿನವರೆಗೂ ನನಗೆ ಫೋನಿಲ್ಲ, ಮೆಸೇಜಿಲ್ಲ. ಅವನ ಜೊತೆಗಾದರೂ ಮಾತಾಡುತ್ತಿದ್ದಾಳೆಯೇ, ನೋಡಿ ಬರೆ. ನನ್ನದು ಆಮೇಲೆ.

ಮಧ್ಯಾಹ್ನ ಆಫೀಸಿಗೆ ರಜೆ ಹಾಕಿ ಕಟ್ಟು ತೆಗೆದುಕೊಂಡು ಜೋಗೇಶ್ವರಿಗೆ ಹೋದೆ. ಮದುವೆಯಾದ ಮೇಲೆ ಆ ಚಾಳಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ರಾಚವ್ವ ರೊಟ್ಟಿ ತಟ್ಟುತ್ತಿದ್ದಳು. ಚೀಲದಲ್ಲಿ ಜಾಗ ಸಾಲಲಿಲ್ಲ ಎಂದು ಹೇಳಲು ಲೋಕಲ್‌ನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಅವಳು ಕೈ ಒರೆಸಿಕೊಂಡು ಕಟ್ಟನ್ನು ತಿರುಗಿಸಿ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದು ನನ್ನ ಹೊಲಿಗಿ ಅಲ್ರಿ" ಎಂದಳು.

ಜೋಡಿಸಿಕೊಂಡ ಮಾತು ಮರೆತುಹೋಯಿತು. ಎಲ್ಲ ಹೇಳಿದೆ: ಎಮ್ಮೆಯ ಹಿಂಡಿ, ಕಪ್ಪು ಪುಡಿ, ಬೆಳ್ಳುಳ್ಳಿ ವಾಸನೆ, ಏರ್‌ಪೋರ್ಟಿನಲ್ಲಿ ಅವಳ ಮಗ ಕೂತ ಒಂಬತ್ತು ಗಂಟೆ. ಹೆಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ಬಂತು, ಅವಳು ತೆಗೆಯಲಿಲ್ಲ. ಬೈಯುತ್ತಾಳೆ ಎಂದು ಕಾದೆ.

"ತಿಂದು ನೋಡಿದ್ರೇನು?" ಎಂದು ಕೇಳಿದಳು.

ಇಲ್ಲ ಎಂದೆ.

"ಬಿಚ್ಚಿ ನೋಡೀರಿ, ಮೂಸಿ ನೋಡೀರಿ. ತಿಂದು ನೋಡಿಲ್ಲ. ಮತ್ತ ಏನ್ ನೋಡಿದಂಗಾತ್ರಿ, ಬೀಗತೇರ?"

ನನ್ನ ಹೊಲಿಗೆಯನ್ನು ಹಲ್ಲಿನಿಂದಲೇ ಕಿತ್ತಳು. ಬಿಸಿ ರೊಟ್ಟಿ, ಒಂದು ಚಮಚ ಹಿಂಡಿ, ಮೇಲೆ ಹಸಿ ಎಣ್ಣೆ ಹಾಕಿ ತಾಟು ನನ್ನ ಮುಂದೆ ತಳ್ಳಿದಳು. ತಾನು ತಿನ್ನಲಿಲ್ಲ. ನಾನು ಮುಗಿಸುವವರೆಗೂ ನೋಡುತ್ತ ಕೂತಳು. ತುಂಬ ಖಾರ. ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಎಂದು ಬರೆದರೆ ನೀನು ನಂಬಬಹುದು, ಅವಳು ನಂಬಲಿಲ್ಲ. ಮಗನ ವಿಷಯಕ್ಕೆ ಒಂದೇ ಮಾತು ಹೇಳಿದಳು. ಅವನು ಬಂದ ಮೇಲೆ ಅವನಿಗೇ ಹೇಳಿ, ನನಗಲ್ಲ ಎಂದು.

ಉಳಿದ ಹಿಂಡಿ ಯಲ್ಲಾಲಿಂಗನಿಗೆ ಮುಟ್ಟಬೇಕು. ಗುರೆಳ್ಳು ಅಲ್ಲಿಗೆ ತರಬಹುದೇ, ನೀನೇ ಕಸ್ಟಮ್ಸಿನ ಕಚೇರಿಗೆ ಹೋಗಿ ಎದುರು ನಿಂತು ಕೇಳು. ಫೋನ್ ಮಾಡಬೇಡ. ಅವರು ಹೇಳಿದ ಹೆಸರನ್ನು ಕನ್ನಡದಲ್ಲೂ ಬರೆ, ಇಂಗ್ಲಿಷಿನಲ್ಲೂ ಬರೆ, ಅಂಗಡಿಯವರು ಕರೆಯುವ ಹೆಸರನ್ನೂ ಬರೆ.

ಮಕ್ಕಳು ನಾಳೆ ಸಂಜೆ ಬರುತ್ತಾರೆ. ಅಕ್ಕಿ ಡಬ್ಬಿಯ ಅಡಿಯಿಂದ ನಿನ್ನ ಹಾಳೆ ತೆಗೆದಿದ್ದೇನೆ. ನೀನು ಬರೆದ ಎಲ್ಲ ಪತ್ರಗಳನ್ನೂ, ನಾನು ಬರೆದದ್ದನ್ನೂ, ಇದನ್ನೂ ಸೇರಿಸಿ ತಾರೀಖಿನ ಪ್ರಕಾರ ಮೇಜಿನ ಮೇಲೆ ಇಡುತ್ತೇನೆ. ಮಡಚುವುದಿಲ್ಲ. ಸಚಿನನಿಗೆ ಕನ್ನಡ ಓದಲು ಬರುತ್ತದೆ.

ವಾರಿಜಾ